ಮೊದಲ ಬಾರಿ ತಪ್ಪಿದ ಹುಡುಗರು ಮತ್ತು ಕಾನೂನು ತೆರೆದಿಟ್ಟ ಬೇರೆ ದಾರಿ

ಕೊಯ್ಲಾದ ಕಾಫಿ ಕಣದಲ್ಲಿ ಒಣಗುತ್ತಿರುವ ತಿಂಗಳುಗಳಲ್ಲಿ ಕೊಡಗಿನ ಪೊಲೀಸ್ ಠಾಣೆಗಳಿಗೆ ಕಾಫಿ, ಕಾಳುಮೆಣಸು ಕಳವಾದ ದೂರು ಬರುವುದು ಹೊಸದೇನಲ್ಲ. ಅಂಥ ಒಂದು ಪ್ರಕರಣವನ್ನು ಊಹಿಸಿಕೊಳ್ಳೋಣ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ 17 ವರ್ಷದ ಹುಡುಗನೊಬ್ಬ, ಪಕ್ಕದ ಊರಿನ 19 ವರ್ಷದ ತನ್ನ ಗೆಳೆಯನೊಡನೆ ಸೇರಿ ಕಣದಿಂದ ಒಂದು ಚೀಲ ಕಾಫಿ ಹೊತ್ತೊಯ್ಯುವಾಗ ಸಿಕ್ಕಿಬೀಳುತ್ತಾನೆ. ಇಬ್ಬರ ಮೇಲೂ ಹಿಂದೆ ಒಂದೇ ಒಂದು ದೂರಿಲ್ಲ. ಪೊಲೀಸರು, ತೋಟದ ಮಾಲೀಕರು ಮತ್ತು ಹುಡುಗರ ತಂದೆತಾಯಿ ಮೊದಲ ಎರಡು ಮೂರು ದಿನಗಳಲ್ಲಿ ಏನು ಮಾಡುತ್ತಾರೆ ಎಂಬುದರ ಮೇಲೆ ಈ ಇಬ್ಬರ ಓದು, ನೌಕರಿ, ಮರ್ಯಾದೆ ಎಲ್ಲವೂ ನಿಂತಿರುತ್ತದೆ. ಇಂಥ ಸಂದರ್ಭದಲ್ಲಿ ನಮ್ಮ ಜನರಿಗೆ ತೋಚುವುದು ಸಾಮಾನ್ಯವಾಗಿ ಎರಡೇ ದಾರಿ: ಊರಿನಲ್ಲಿಯೇ ಬೈದು ಹೊಡೆದು ಮುಚ್ಚಿಹಾಕುವುದು, ಇಲ್ಲವೇ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸುವುದು. ಇವೆರಡಕ್ಕೂ ಹೊರತಾದ ದಾರಿಯನ್ನು ನಮ್ಮ ಕಾನೂನು ತೆರೆದಿಟ್ಟಿದ್ದರೂ ಅದನ್ನು ಕೇಳಿ ಪಡೆಯುವವರು ಕಡಿಮೆ. ಈ ಲೇಖನದ ಉದ್ದೇಶ ಆ ದಾರಿ ಎಲ್ಲಿಂದ ಹೊರಡುತ್ತದೆ, ಎಲ್ಲಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು ತಿಳಿಸುವುದು.

ಹೊರದೇಶಗಳಲ್ಲಿ ಇದನ್ನು ಡೈವರ್ಷನ್ ಎನ್ನುತ್ತಾರೆ. ಚಿಕ್ಕ ವಯಸ್ಸಿನ, ಮೊದಲ ಬಾರಿ ತಪ್ಪು ಮಾಡಿದ, ತಪ್ಪನ್ನು ಒಪ್ಪಿಕೊಳ್ಳಲು ಸಿದ್ಧನಿರುವ ವ್ಯಕ್ತಿಯನ್ನು ವಿಚಾರಣೆ ಮತ್ತು ಶಿಕ್ಷೆಯ ಸಾಲಿನಿಂದ ಹೊರತೆಗೆದು, ಆಪ್ತಸಮಾಲೋಚನೆ, ನಷ್ಟ ತುಂಬಿಕೊಡುವುದು, ಸಮುದಾಯ ಸೇವೆ, ಅಧಿಕಾರಿಯೊಬ್ಬರ ಮೇಲ್ವಿಚಾರಣೆ ಮುಂತಾದ ಕಟ್ಟುಪಾಡುಗಳಿಗೆ ಒಳಪಡಿಸಲಾಗುತ್ತದೆ. ಅವನ್ನು ಗೊತ್ತುಪಡಿಸಿದ ಅವಧಿಯಲ್ಲಿ ಪೂರೈಸಿದರೆ ಪ್ರಕರಣ ಅಲ್ಲಿಗೆ ಮುಗಿಯುತ್ತದೆ, ಪೂರೈಸದಿದ್ದರೆ ಮರಳಿ ನ್ಯಾಯಾಲಯದ ಮುಂದೆ ಬರುತ್ತದೆ. ಅಮೆರಿಕದಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯ 1899ರಲ್ಲಿ ಷಿಕಾಗೊದಲ್ಲಿ ಆರಂಭವಾಗಿತ್ತಾದರೂ, ಸಣ್ಣಪುಟ್ಟ ತಪ್ಪುಗಳಿಗೆ ಆ ನ್ಯಾಯಾಲಯವೂ ಬೇಡವೆಂಬ ವಿಚಾರ ಅಲ್ಲಿ ಬಲಗೊಂಡದ್ದು 1967ರ ಅಧ್ಯಕ್ಷೀಯ ಆಯೋಗದ ವರದಿಯ ನಂತರ. ಬಾಲನ್ಯಾಯ ಕುರಿತ ವಿಶ್ವಸಂಸ್ಥೆಯ 1985ರ ಬೀಜಿಂಗ್ ನಿಯಮಗಳ 11ನೆಯ ನಿಯಮ ಇದನ್ನೇ ಹೇಳುತ್ತದೆ. ನ್ಯೂಜಿಲೆಂಡ್ 1989ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಹುಡುಗನ ಕುಟುಂಬ, ನೊಂದವರು, ಪೊಲೀಸ್ ಅಧಿಕಾರಿ ಮತ್ತು ಸಂಯೋಜಕರು ಒಂದೆಡೆ ಕುಳಿತು ಪರಿಹಾರ ನಿರ್ಧರಿಸುವ ಕುಟುಂಬ ಸಮಾಲೋಚನಾ ಸಭೆಯನ್ನು ಕಾನೂನಿನೊಳಗೆ ತಂದಿತು; ಅಲ್ಲಿನ ಮಾವೊರಿ ಜನರು ತಮ್ಮ ಕುಲದೊಳಗೆ ವ್ಯಾಜ್ಯ ಬಗೆಹರಿಸಿಕೊಳ್ಳುತ್ತಿದ್ದ ರೀತಿ ಅದಕ್ಕೆ ಪ್ರೇರಣೆಯಾಗಿತ್ತು.

ಇದು ಬರಿಯ ಕರುಣೆಯ ಮಾತಲ್ಲ. ಬಾಲಾಪರಾಧಿಗಳನ್ನು ವಿಧಿವತ್ತಾಗಿ ನ್ಯಾಯಾಲಯಕ್ಕೆ ಒಯ್ಯುವುದರಿಂದ ಅವರ ಮುಂದಿನ ನಡತೆ ಸುಧಾರಿಸುತ್ತದೆಯೇ ಎಂಬುದನ್ನು 29 ಪ್ರಯೋಗಗಳ, 7,300ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಒಟ್ಟುಗೂಡಿಸಿ ಪರಿಶೀಲಿಸಿದ ಪರಾಮರ್ಶೆಯೊಂದನ್ನು ಕ್ಯಾಂಪ್‌ಬೆಲ್ ಕೊಲಾಬರೇಷನ್ ಎಂಬ ಸಂಶೋಧನಾ ಜಾಲ 2010ರಲ್ಲಿ ಪ್ರಕಟಿಸಿತು. ನ್ಯಾಯಾಲಯಕ್ಕೆ ಒಯ್ದದ್ದರಿಂದ ಮರು ಅಪರಾಧ ತಗ್ಗಿದ್ದು ಅದರಲ್ಲಿ ಕಂಡುಬರಲಿಲ್ಲ. ಒಟ್ಟಾರೆ ಫಲಿತಾಂಶ ತುಸು ವಿರುದ್ಧ ದಿಕ್ಕಿಗೇ ವಾಲಿತ್ತು. ಹುಡುಗ ಶಾಲೆ ತಪ್ಪಿಸಿಕೊಂಡು, ಕೆಟ್ಟ ಸಹವಾಸಕ್ಕೆ ಬಿದ್ದು, ಕಳ್ಳನೆಂಬ ಹೆಸರನ್ನು ಹೊತ್ತು ಊರಿಗೆ ಮರಳುವುದನ್ನು ನೋಡಿದವರಿಗೆ ಈ ಫಲಿತಾಂಶ ಅಚ್ಚರಿ ತರುವುದಿಲ್ಲ.

ಭಾರತದಲ್ಲಿ ಡೈವರ್ಷನ್ ಎಂಬ ಹೆಸರಿನ ಪ್ರತ್ಯೇಕ ಕಚೇರಿಯಾಗಲಿ ಯೋಜನೆಯಾಗಲಿ ಇಲ್ಲ. 2016ರ ಜನವರಿ 15ರಿಂದ ಜಾರಿಯಲ್ಲಿರುವ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ 3ನೆಯ ಕಲಂ ಪಟ್ಟಿ ಮಾಡುವ ಮೂಲತತ್ವಗಳಲ್ಲಿ, ಮಕ್ಕಳ ಪ್ರಕರಣಗಳನ್ನು ನ್ಯಾಯಾಂಗ ಪ್ರಕ್ರಿಯೆಗೆ ಹೋಗದೆ ಬಗೆಹರಿಸುವ ಕ್ರಮಗಳಿಗೆ ಉತ್ತೇಜನ ಕೊಡಬೇಕೆಂಬುದೂ ಒಂದು. ಮಗುವಿನ ಅಥವಾ ಸಮಾಜದ ಒಟ್ಟು ಹಿತಕ್ಕೆ ಪ್ರಕ್ರಿಯೆಯೇ ಅಗತ್ಯವಾದಾಗ ಮಾತ್ರ ಅದಕ್ಕೆ ಅಪವಾದ. ಈ ತತ್ವ ಕಾರ್ಯರೂಪಕ್ಕೆ ಬರುವುದು ಠಾಣೆಯಲ್ಲಿ, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿಯ) ವರದಿಯಲ್ಲಿ ಮತ್ತು ಬಾಲನ್ಯಾಯ ಮಂಡಳಿಯ ಮುಂದೆ ತೆಗೆದುಕೊಳ್ಳುವ ಸಣ್ಣ ಸಣ್ಣ ನಿರ್ಧಾರಗಳಲ್ಲಿ. ಆದ್ದರಿಂದಲೇ ಪ್ರತಿ ಹಂತದಲ್ಲಿಯೂ ಕುಟುಂಬಕ್ಕೆ ತಿಳಿವಳಿಕೆ ಇರಬೇಕಾಗುತ್ತದೆ.

ಮೊದಲ ಪ್ರಶ್ನೆ ಅಪರಾಧದ ತೂಕದ್ದು. ಕಾಯ್ದೆ ಅಪರಾಧಗಳನ್ನು ಮೂರು ವರ್ಗ ಮಾಡುತ್ತದೆ. ಗರಿಷ್ಠ ಶಿಕ್ಷೆ 3 ವರ್ಷದವರೆಗಿದ್ದರೆ ಸಣ್ಣ ಅಪರಾಧ. ಅದಕ್ಕಿಂತ ಹೆಚ್ಚಿದ್ದು 7 ವರ್ಷದವರೆಗಿದ್ದರೆ ಗಂಭೀರ ಅಪರಾಧ. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕೂ ಹೆಚ್ಚಿದ್ದರೆ ಘೋರ ಅಪರಾಧ. ಗರಿಷ್ಠ ಶಿಕ್ಷೆ 7 ವರ್ಷ ಮೀರಿದ್ದೂ ಅಂಥ ಕನಿಷ್ಠ ಶಿಕ್ಷೆ ಇಲ್ಲದ ಅಪರಾಧಗಳನ್ನು ಗಂಭೀರವೆಂದೇ ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಹೇಳಿತು, 2021ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ಸೇರಿಸಿತು. ನಮ್ಮ ಉದಾಹರಣೆಗೆ ಇದನ್ನು ಹೊಂದಿಸಿ ನೋಡಿದರೆ ವ್ಯತ್ಯಾಸ ಎಷ್ಟು ಸೂಕ್ಷ್ಮವೆಂಬುದು ಗೊತ್ತಾಗುತ್ತದೆ. ಬಯಲಿನ ಕಣದಿಂದ ಕಾಫಿ ಕದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 303(2)ನೆಯ ಕಲಮಿನ ಸಾಮಾನ್ಯ ಕಳವು, ಶಿಕ್ಷೆ 3 ವರ್ಷದವರೆಗೆ, ಎಂದರೆ ಸಣ್ಣ ಅಪರಾಧ. ಅದೇ ಚೀಲವನ್ನು ಗೋದಾಮಿನೊಳಗಿಂದ ಎತ್ತಿದ್ದರೆ, ಮಾಲು ಇರಿಸುವ ಕಟ್ಟಡದಲ್ಲಿ ಮಾಡಿದ ಕಳವೆಂದು 305ನೆಯ ಕಲಂ ಅನ್ವಯಿಸಿ ಶಿಕ್ಷೆ 7 ವರ್ಷದವರೆಗೆ ಏರುತ್ತದೆ. ರಾತ್ರಿ ಬೀಗ ಮುರಿದು ಒಳಹೊಕ್ಕಿದ್ದರೆ 331(4)ನೆಯ ಕಲಂ ಪ್ರಕಾರ 14 ವರ್ಷದವರೆಗೂ ಶಿಕ್ಷೆ ಸಾಧ್ಯ. ಆದರೂ ಕನಿಷ್ಠ ಶಿಕ್ಷೆ ಇಲ್ಲದಿರುವುದರಿಂದ 17ರ ಹುಡುಗನ ಮಟ್ಟಿಗೆ ಅದು ಗಂಭೀರ ಅಪರಾಧವೇ ಹೊರತು ಘೋರವಲ್ಲ. ದೂರು ಬರೆಯಿಸುವ ಮಾಲೀಕರು ಅಥವಾ ತೋಟದ ಲೆಕ್ಕಪತ್ರ ನೋಡುವ ರೈಟರ್ ಕಣ ಎನ್ನುತ್ತಾರೋ ಗೋದಾಮು ಎನ್ನುತ್ತಾರೋ ಎಂಬುದು ಮಾತಿನ ವ್ಯತ್ಯಾಸವಾಗಿ ಉಳಿಯುವುದಿಲ್ಲ, ನಡೆದದ್ದನ್ನು ನಡೆದಂತೆಯೇ ಬರೆಯಿಸುವ ಹೊಣೆ ಅವರ ಮೇಲಿದೆ.

ಠಾಣೆಯಲ್ಲಿ ಏನಾಗಬೇಕೆಂಬುದನ್ನು ಕೇಂದ್ರದ 2016ರ ಮಾದರಿ ನಿಯಮಗಳ 8ನೆಯ ನಿಯಮ ಹೇಳುತ್ತದೆ. ಮಗುವಿನ ಮೇಲಿರುವ ಆರೋಪ ಘೋರ ಅಪರಾಧದ್ದಲ್ಲದಿದ್ದರೆ ಎಫ್‌ಐಆರ್ ದಾಖಲಿಸುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಮಾಹಿತಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳುಹಿಸಬೇಕು, ಮಗುವನ್ನು ಯಾವ ದಿನ ಹಾಜರುಪಡಿಸಬೇಕೆಂದು ತಂದೆತಾಯಿಗೆ ತಿಳಿಸಬೇಕು. ಸಣ್ಣ ಮತ್ತು ಗಂಭೀರ ಅಪರಾಧಗಳಲ್ಲಿ, ಮಗುವಿನ ಹಿತಕ್ಕೇ ಅಗತ್ಯವಾದ ಹೊರತು, ಹಿಡಿದುಕೊಂಡು ಹೋಗುವ ಅಧಿಕಾರವನ್ನೂ ಬಳಸಬಾರದು. ಒಂದು ವೇಳೆ ಹಿಡಿದರೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇರಿಸುವಂತಿಲ್ಲ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು, ಕೈಕೋಳ ತೊಡಿಸಬಾರದು. ಆದರೆ ಈ ನಿಯಮಕ್ಕೆ ಒಂದು ಅಪವಾದವಿದೆ, ನಮ್ಮ ಉದಾಹರಣೆಯ ಹುಡುಗ ಅದರಲ್ಲೇ ಸಿಲುಕುತ್ತಾನೆ: ವಯಸ್ಕರೊಡನೆ ಕೂಡಿ ಮಾಡಿದ ಅಪರಾಧವಾದರೆ ಎಫ್‌ಐಆರ್ ದಾಖಲಾಗುತ್ತದೆ. ಜೊತೆಗಿದ್ದವನು 19ರವನಾದ್ದರಿಂದ 17ರವನ ಹೆಸರೂ ಅದರೊಳಗೆ ಬರುತ್ತದೆ. ಹಾಗೆ ಬಂದ ಮಾತ್ರಕ್ಕೆ ಇಬ್ಬರನ್ನೂ ಒಂದೇ ನ್ಯಾಯಾಲಯಕ್ಕೆ ಒಯ್ಯುವಂತಿಲ್ಲ. ಬಾಲನ್ಯಾಯ ಕಾಯ್ದೆಯ 23ನೆಯ ಕಲಂ ಜಂಟಿ ವಿಚಾರಣೆಯನ್ನು ನಿಷೇಧಿಸುತ್ತದೆ. ಕದ್ದ ಮಾಲು ಕೊಳ್ಳುವ ವಯಸ್ಕರೇ ಮಕ್ಕಳನ್ನು ಮುಂದೆ ಬಿಟ್ಟು ಕೆಲಸ ಮಾಡಿಸಿದ್ದರೆ 83(2)ನೆಯ ಕಲಂ ಅವರಿಗೆ 7 ವರ್ಷದವರೆಗೆ ಕಠಿಣ ಸಜೆ ಮತ್ತು 5 ಲಕ್ಷ ರೂಪಾಯಿ ದಂಡ ವಿಧಿಸುತ್ತದೆ. ಹುಡುಗನ ಕಡೆಯವರು ಈ ಸಂಗತಿಯನ್ನು ಅಂಜದೆ ಹೇಳಬೇಕು.

ಆದಿವಾಸಿಗಳ ಹಾಡಿಗಳಲ್ಲಿ ಮತ್ತು ಲೈನ್ ಮನೆಗಳಲ್ಲಿ ಎದುರಾಗುವ ಇನ್ನೊಂದು ತೊಡಕು ವಯಸ್ಸಿನ ದಾಖಲೆ. 94ನೆಯ ಕಲಂ ಪ್ರಕಾರ ಮೊದಲು ನೋಡಬೇಕಾದದ್ದು ಶಾಲೆಯ ಅಥವಾ ಪರೀಕ್ಷಾ ಮಂಡಳಿಯ ಜನ್ಮದಿನಾಂಕದ ದಾಖಲೆ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆಯ ವೈದ್ಯಕೀಯ ಪರೀಕ್ಷೆ. ಎರವ ಅಥವಾ ಜೇನುಕುರುಬ ಕುಟುಂಬದ ಹುಡುಗ ಮೈಕಟ್ಟಿನಿಂದ ದೊಡ್ಡವನಾಗಿ ಕಂಡನೆಂದು ವಯಸ್ಕರ ಲೆಕ್ಕಕ್ಕೆ ಸೇರಿಸಿದ್ದರೆ, ಅವನು ಬಾಲಕನೆಂಬ ವಾದವನ್ನು 9ನೆಯ ಕಲಂ ಪ್ರಕಾರ ಯಾವ ಹಂತದಲ್ಲಿಯೂ, ಪ್ರಕರಣ ಮುಗಿದ ಮೇಲೆಯೂ, ಎತ್ತಬಹುದು. ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸು.

ಮಂಡಳಿ ಎಂದರೆ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಲೇಬೇಕು. ಅದು ನ್ಯಾಯಾಲಯದ ಆವರಣದಲ್ಲಿ ಕೂಡುವಂತಿಲ್ಲ, ಕಟಕಟೆ ಇರುವಂತಿಲ್ಲ. ಆರೋಪ ಜಾಮೀನು ಸಿಗುವಂಥದ್ದಾಗಲಿ ಅಲ್ಲದ್ದಾಗಲಿ, 12ನೆಯ ಕಲಂ ಪ್ರಕಾರ ಮಗುವಿಗೆ ಜಾಮೀನು ಕೊಡುವುದೇ ನಿಯಮ. ಬಿಡುಗಡೆಯಾದರೆ ಅಪರಾಧಿಗಳ ಸಹವಾಸಕ್ಕೆ ಬೀಳುವ, ಅಪಾಯಕ್ಕೆ ಸಿಲುಕುವ ಅಥವಾ ನ್ಯಾಯದ ಉದ್ದೇಶವೇ ಕೆಡುವ ಸಾಧ್ಯತೆ ಇದ್ದರೆ ಮಾತ್ರ ನಿರಾಕರಿಸಬಹುದು, ಅದಕ್ಕೆ ಕಾರಣ ಬರೆಯಬೇಕು. ಪರಿವೀಕ್ಷಣಾಧಿಕಾರಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕ್ರಿಯೆಯ ಜೀವಾಳ ಈ ವರದಿ. ಹುಡುಗ ಶಾಲೆ ಬಿಟ್ಟದ್ದು ಯಾವಾಗ, ಏಕೆ, ಮನೆಯಲ್ಲಿ ಕುಡಿತವಿದೆಯೇ, ತಂದೆಗೆ ಸಾಲವಿದೆಯೇ, ಅವನ ಮೇಲೆ ಕಣ್ಣಿಡಲು ಅಜ್ಜಿಯೋ ಮಾವನೋ ಮೇಷ್ಟ್ರೋ ಯಾರಿದ್ದಾರೆ ಎಂಬುದೆಲ್ಲ ಅದರಲ್ಲಿ ಬರಬೇಕು. ತೋಟಕ್ಕೆ ಹೋಗಿ, ಮನೆಯವರೊಡನೆ ಕುಳಿತು ಬರೆದ ವರದಿಗೂ ಕಚೇರಿಯಲ್ಲಿ ನಮೂನೆ ತುಂಬಿಸಿದ ವರದಿಗೂ ಮಂಡಳಿಯ ಆದೇಶದಲ್ಲಿ ಅಜಗಜಾಂತರವಾಗಬಹುದು. ಶಾಲೆಯ ಮುಖ್ಯೋಪಾಧ್ಯಾಯರು ನಾಲ್ಕು ಸಾಲು ಬರೆದುಕೊಟ್ಟರೂ ಅದನ್ನು ಅಧಿಕಾರಿಯ ಕೈಗೆ ತಲುಪಿಸುವುದು ಒಳ್ಳೆಯದು.

ವಿಚಾರಣೆ ನಾಲ್ಕು ತಿಂಗಳೊಳಗೆ, ವಿಸ್ತರಿಸಿದರೆ ಇನ್ನೆರಡು ತಿಂಗಳೊಳಗೆ ಮುಗಿಯಬೇಕು. ಸಣ್ಣ ಅಪರಾಧದ ಪ್ರಕರಣ ಆ ಅವಧಿಯಲ್ಲೂ ಮುಗಿಯದಿದ್ದರೆ 14ನೆಯ ಕಲಂ ಪ್ರಕಾರ ತಾನಾಗಿಯೇ ಕೊನೆಗೊಳ್ಳುತ್ತದೆ. ತಪ್ಪು ಮಾಡಿದ್ದಾನೆಂದು ಕಂಡುಬಂದರೆ 18ನೆಯ ಕಲಂ ಮಂಡಳಿಯ ಮುಂದೆ ಹಲವು ಆಯ್ಕೆಗಳನ್ನಿಡುತ್ತದೆ: ಬುದ್ಧಿ ಹೇಳಿ ಮನೆಗೆ ಕಳುಹಿಸುವುದು, ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ, ತಂದೆತಾಯಿ ದಂಡ ಕಟ್ಟುವುದು, ಸನ್ನಡತೆಯ ಮುಚ್ಚಳಿಕೆಯ ಮೇಲೆ ಗರಿಷ್ಠ ಮೂರು ವರ್ಷ ಪೋಷಕರ ವಶದಲ್ಲಿ ಬಿಡುವುದು. ವಿಶೇಷ ಗೃಹಕ್ಕೆ ಕಳುಹಿಸುವುದು ಕೊನೆಯದು, ಅದೂ ಮೂರು ವರ್ಷ ಮೀರುವಂತಿಲ್ಲ. ಸಮುದಾಯ ಸೇವೆ 14 ದಾಟಿದ ಮಕ್ಕಳಿಗೆ ಮಾತ್ರ. ಉದ್ಯಾನದ ನಿರ್ವಹಣೆ, ವೃದ್ಧರ ಆರೈಕೆ, ಆಸ್ಪತ್ರೆಯಲ್ಲಿ ನೆರವಾಗುವುದು, ಸಂಚಾರ ಸ್ವಯಂಸೇವಕನಾಗುವುದು ಮುಂತಾದ ಕೆಲಸಗಳನ್ನು ನಿಯಮಗಳೇ ಉದಾಹರಿಸುತ್ತವೆ. ದೂರು ಕೊಟ್ಟ ಮಾಲೀಕರ ತೋಟದಲ್ಲಿ ಸಂಬಳವಿಲ್ಲದೆ ದುಡಿಸುವುದು ಸಮುದಾಯ ಸೇವೆಯಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಲೇಬೇಕು.

ಇನ್ನು 19ರ ಹುಡುಗನ ವಿಷಯ. ಅವನಿಗೆ ಬಾಲನ್ಯಾಯ ಮಂಡಳಿಯಿಲ್ಲ, ಸಾಮಾನ್ಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯವೇ ಗತಿ. ಆದರೆ ಅವನಿಗೂ ಎರಡು ದಾರಿಗಳಿವೆ. ಒಂದನೆಯದು ರಾಜಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೆಯ ಕಲಂ ಸಾಮಾನ್ಯ ಕಳವನ್ನು, ಸಾಧಾರಣ ಹೊಡೆದಾಟವನ್ನು ರಾಜಿಯಾಗಬಲ್ಲ ಅಪರಾಧಗಳ ಪಟ್ಟಿಯಲ್ಲಿರಿಸಿದೆ. ಮಾಲು ಕಳೆದುಕೊಂಡವರು ಒಪ್ಪಿ ನ್ಯಾಯಾಲಯದಲ್ಲಿ ಅಥವಾ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆರೋಪಿ ಖುಲಾಸೆಯಾದಂತೆಯೇ ಲೆಕ್ಕ. ಮೊದಲ ತಪ್ಪಿನ ಯುವಕನಿಗೆ ಇದಕ್ಕಿಂತ ಒಳ್ಳೆಯ ಪರಿಣಾಮ ಬೇರೊಂದಿಲ್ಲ, ತೋಟದ ಮಾಲೀಕರು ಮನಸ್ಸು ಮಾಡಬೇಕಾದ ಸ್ಥಳವೂ ಇದೇ.

ಎರಡನೆಯದು ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1958. ಇದರ 3ನೆಯ ಕಲಂ ಪ್ರಕಾರ ಕಳವು ಮತ್ತು ಎರಡು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ, ಹಿಂದೆ ಶಿಕ್ಷೆಯಾಗಿರದ ವ್ಯಕ್ತಿಯನ್ನು ನ್ಯಾಯಾಲಯ ಎಚ್ಚರಿಕೆ ಕೊಟ್ಟು ಬಿಡಬಹುದು. 4ನೆಯ ಕಲಂ ಪ್ರಕಾರ ಮೂರು ವರ್ಷ ಮೀರದ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. 5ನೆಯ ಕಲಂ ನಷ್ಟ ತುಂಬಿಕೊಡುವಂತೆ ಆದೇಶಿಸಲು ಅವಕಾಶ ಕೊಡುತ್ತದೆ. 21 ತುಂಬದವರ ಬಗ್ಗೆ 6ನೆಯ ಕಲಂ ಇನ್ನೂ ಗಟ್ಟಿಯಾಗಿದೆ. ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಂಡು, ಬಿಡುಗಡೆ ಯುಕ್ತವಲ್ಲವೆಂದು ಮನಗಂಡು, ಕಾರಣ ಬರೆಯದೆ ಅವರನ್ನು ಜೈಲಿಗೆ ಕಳುಹಿಸುವಂತಿಲ್ಲ. ಆದರೆ ಈ 21ನ್ನು ಎಣಿಸುವುದು ಕೃತ್ಯ ನಡೆದ ದಿನಕ್ಕಲ್ಲ. ವಿಚಾರಣಾ ನ್ಯಾಯಾಲಯ ತೀರ್ಪು ಕೊಡುವ ದಿನದ ವಯಸ್ಸೇ ಮುಖ್ಯವೆಂದು ಸುಪ್ರೀಂ ಕೋರ್ಟ್ 1962ರಲ್ಲಿ ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಹೇಳಿದೆ. ಕುಟ್ಟ, ಬಿರುನಾಣಿಗಳಂಥ ದೂರದ ಊರಿನಿಂದ ನ್ಯಾಯಾಲಯಕ್ಕೆ ಬಂದು ಹೋಗಲು ಒಂದು ದಿನದ ಕೂಲಿ ಬಿಡಬೇಕಾದ ಹುಡುಗ ದಿನಾಂಕಗಳನ್ನು ತಪ್ಪಿಸುತ್ತ ಹೋದರೆ ಜಾಮೀನಿಗೆ ಕುತ್ತು ಬರುವುದಲ್ಲದೆ, ಈ ರಕ್ಷಣೆಯೂ ಕೈತಪ್ಪಿ, 3 ಮತ್ತು 4ನೆಯ ಕಲಮುಗಳ ವಿವೇಚನೆಯನ್ನಷ್ಟೇ ನೆಚ್ಚಿಕೊಳ್ಳಬೇಕಾಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ವಯಸ್ಕರಿಗೂ ತಂದಿದೆ ಎಂಬ ಮಾತು ನಿಜ. ಆದರೆ ಅದು ಮೊದಲ ಬಾರಿ ಅಪರಾಧಿಯೆಂದು ನಿರ್ಣಯವಾದವನಿಗೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವಿಗೆ, ಮಾಲನ್ನಾಗಲಿ ಬೆಲೆಯನ್ನಾಗಲಿ ಹಿಂದಿರುಗಿಸಿದಾಗ ಸಿಗುವ ಶಿಕ್ಷೆ. ಅಪರಾಧಿಯೆಂಬ ನಿರ್ಣಯ ಅಲ್ಲಿ ಉಳಿಯುತ್ತದೆ. ಅದೂ ಅಲ್ಲದೆ ಈಚಿನ ವರ್ಷಗಳ ದರದಲ್ಲಿ ಒಣಗಿದ ರೊಬಸ್ಟಾ ಚೆರಿಯ 50 ಕಿಲೋ ಚೀಲ ಆ ಮಿತಿಯನ್ನು ದಾಟಿಬಿಟ್ಟಿದೆ.

ಕೊಡಗಿನವರು ತಿಳಿದಿರಬೇಕಾದ ಎರಡು ಮುಚ್ಚಿದ ಬಾಗಿಲುಗಳೂ ಇವೆ. ಮಾದಕವಸ್ತು ಕಾಯ್ದೆಯ 33ನೆಯ ಕಲಂ, 18 ತುಂಬಿದವರಿಗೆ ಪರಿವೀಕ್ಷಣಾ ಕಾಯ್ದೆಯ ಲಾಭವನ್ನು 26 ಮತ್ತು 27ನೆಯ ಕಲಮಿನ ಅಪರಾಧಗಳಿಗಷ್ಟೇ ಸೀಮಿತಗೊಳಿಸಿದೆ. ಗಾಂಜಾ ಸೇವಿಸಿದ 19ರ ಹುಡುಗ 27ನೆಯ ಕಲಮಿನಡಿ ಬರುತ್ತಾನೆ, ಅವನಿಗೆ ಬಿಡುಗಡೆಯ ಅವಕಾಶವಿದೆ. ಅದೇ ಗಾಂಜಾ ಜೇಬಿನಲ್ಲಿ ಸಿಕ್ಕಿ 20ನೆಯ ಕಲಂ ಹಾಕಿದರೆ, ಪ್ರಮಾಣ ಎಷ್ಟೇ ಸಣ್ಣದಾದರೂ ಆ ಅವಕಾಶವಿಲ್ಲ. ವ್ಯಸನಿಯಾದವನು ತಾನಾಗಿ ಚಿಕಿತ್ಸೆಗೆ ಮುಂದಾದರೆ 64ಎ ಕಲಂ ಸೇವನೆಯ ಮತ್ತು ಸಣ್ಣ ಪ್ರಮಾಣದ ಅಪರಾಧಗಳಲ್ಲಿ ಮೊಕದ್ದಮೆಯಿಂದಲೇ ರಕ್ಷಣೆ ಕೊಡುತ್ತದೆ. ವಕೀಲರು ಇದನ್ನು ಮೊದಲೇ ಎತ್ತಬೇಕು. ಇನ್ನೊಂದು ಬಾಗಿಲು ಬೇಟೆಯದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 51(5)ನೆಯ ಕಲಂ ಪ್ರಕಾರ ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯದೊಳಗಿನ ಬೇಟೆಗೆ ಶಿಕ್ಷೆಯಾದವನಿಗೆ, 18ಕ್ಕಿಂತ ಚಿಕ್ಕವನಲ್ಲದಿದ್ದರೆ, ಪರಿವೀಕ್ಷಣೆಯ ಬಿಡುಗಡೆ ಇಲ್ಲ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಎಲ್ಲವೂ ನಮ್ಮ ಮನೆಯಂಗಳಕ್ಕೆ ತಾಗಿದಂತಿರುವಾಗ, ಕೋವಿ ಮನೆತನದ ಹಕ್ಕೆಂದು ಬೆಳೆದ ಹುಡುಗರಿಗೆ ಈ ಗಡಿಯನ್ನು ಹಿರಿಯರು ಹೇಳಿಕೊಡಬೇಕು.

ಊರಿನ ಪಂಚಾಯಿತಿಕೆಯ ಬಗ್ಗೆಯೂ ಒಂದು ಮಾತು. ಒಕ್ಕದ (ಕೊಡವ ಮನೆತನದ) ಹಿರಿಯರಾದ ಪಟ್ಟೆದಾರರು, ಊರು ತಕ್ಕರು, ನಾಡು ತಕ್ಕರು ಎಂಬ ಮುಖಂಡರು ವ್ಯಾಜ್ಯಗಳನ್ನು ಕುಳಿತು ತೀರಿಸುತ್ತಿದ್ದ ಪರಂಪರೆ ಇಲ್ಲಿಯದು. ನೊಂದವರ ಎದುರು ತಪ್ಪೊಪ್ಪಿಕೊಳ್ಳುವುದು, ನಷ್ಟ ಕಟ್ಟಿಕೊಡುವುದು, ಹಿರಿಯರ ಹೊಣೆಗಾರಿಕೆ ಇವೆಲ್ಲ ನ್ಯೂಜಿಲೆಂಡಿನ ಸಭೆಯಲ್ಲಿರುವಂತೆ ಇದರಲ್ಲೂ ಇವೆ, ನಾನು ಅದನ್ನು ಗೌರವಿಸುತ್ತೇನೆ. ಆದರೆ ಅಲ್ಲಿನ ಸಭೆಗೆ ಕಾನೂನಿನ ಕಾವಲಿದೆ. ಇಲ್ಲಿ ಮಾಲೀಕರೂ ಕಾರ್ಮಿಕನ ಮಗನೂ ಎದುರುಬದುರು ಕುಳಿತಾಗ ಹುಡುಗ ಮಾಡದ ತಪ್ಪನ್ನೂ ಒಪ್ಪಿಕೊಳ್ಳಬಹುದು, ನಷ್ಟದ ಹೆಸರಿನಲ್ಲಿ ಇಡೀ ಕುಟುಂಬ ಮುಂಗಡದ ಸಾಲಕ್ಕೆ ಬೀಳಬಹುದು. ಒಪ್ಪಿಗೆ ಒತ್ತಾಯವಿಲ್ಲದ್ದಾಗಿರಬೇಕು ಎಂಬುದು ಡೈವರ್ಷನ್‌ನ ಮೊದಲ ಷರತ್ತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನಂತೂ ಊರಿನಲ್ಲಿ ತೀರಿಸುವಂತೆಯೇ ಇಲ್ಲ. ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಮಾತುಕತೆ ನಡೆಯಲಿ, ಆದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರು ಹುಡುಗನ ಪಕ್ಕದಲ್ಲಿರಲಿ. ಮಕ್ಕಳು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ವರಮಾನ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. 15100 ಸಹಾಯವಾಣಿಗೆ ಕರೆ ಮಾಡಿದರೂ ಸಾಕು.

ಕೊನೆಯದಾಗಿ ದಾಖಲೆಯ ಪ್ರಶ್ನೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ನಾಡಿನಲ್ಲಿ ಸೇನೆ, ಪೊಲೀಸ್ ಭರ್ತಿಗೆ ಕಾಯುವ ಹುಡುಗರು ಪ್ರತಿ ಊರಿನಲ್ಲೂ ಇರುವುದರಿಂದ ಇದು ಇಲ್ಲಿ ಹೆಚ್ಚು ತೂಕದ್ದು. 17ರವನ ಮಟ್ಟಿಗೆ ಬಾಲನ್ಯಾಯ ಕಾಯ್ದೆಯ 24ನೆಯ ಕಲಂ ಶಿಕ್ಷೆಯಿಂದ ಬರುವ ಎಲ್ಲ ಅನರ್ಹತೆಯನ್ನೂ ತೆಗೆದುಹಾಕುತ್ತದೆ, 74ನೆಯ ಕಲಂ ಪ್ರಕಾರ ಮುಗಿದ ಪ್ರಕರಣದ ಮಾಹಿತಿಯನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿ ಹೊರಗೆಡಹುವಂತಿಲ್ಲ, ಅವನ ಹೆಸರು, ಭಾವಚಿತ್ರ, ಶಾಲೆ ಯಾವ ಪತ್ರಿಕೆಯಲ್ಲೂ ಬರುವಂತಿಲ್ಲ. ಬಾಲ್ಯದ ಪ್ರಕರಣವನ್ನು ಹಿಡಿದು ನೌಕರಿ ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ರಮೇಶ್ ಬಿಷ್ಣೋಯಿ ಪ್ರಕರಣದಲ್ಲಿ ಹೇಳಿದೆ. 19ರವನಿಗೆ ಇಷ್ಟು ದಟ್ಟವಾದ ರಕ್ಷಣೆಯಿಲ್ಲ. ದಂಡ ಕಟ್ಟಿ ಮುಗಿಸಿದರೆ ಅದು ಶಿಕ್ಷೆಯಾಗಿಯೇ ಉಳಿಯುತ್ತದೆ. 3 ಅಥವಾ 4ನೆಯ ಕಲಮಿನಡಿ ಬಿಡುಗಡೆ ಕೇಳಿ ಪಡೆದರೆ ಪರಿವೀಕ್ಷಣಾ ಕಾಯ್ದೆಯ 12ನೆಯ ಕಲಂ ಅನರ್ಹತೆಯನ್ನು ತೆಗೆಯುತ್ತದೆ, ಆದರೆ ತಪ್ಪಿತಸ್ಥನೆಂಬ ನಿರ್ಣಯವನ್ನು ಅಳಿಸುವುದಿಲ್ಲ. ಹೀಗಾಗಿ ನೇಮಕಾತಿಯ ಪರಿಶೀಲನಾ ಪತ್ರದಲ್ಲಿ ಪ್ರಕರಣದ ಬಗ್ಗೆ ಕೇಳಿದಾಗ ಅವನು ಇದ್ದದ್ದನ್ನು ಇದ್ದಂತೆ ಬರೆದು, ನ್ಯಾಯಾಲಯದ ಆದೇಶದ ಪ್ರತಿಯನ್ನು ಲಗತ್ತಿಸಬೇಕು. 2016ರ ಅವತಾರ್ ಸಿಂಗ್ ತೀರ್ಪಿನ ಪ್ರಕಾರ ಚಿಕ್ಕ ವಯಸ್ಸಿನ ಕ್ಷುಲ್ಲಕ ತಪ್ಪನ್ನು ನೇಮಕಾತಿ ಪ್ರಾಧಿಕಾರ ಮನ್ನಿಸಲು ಅವಕಾಶವಿದೆ. ಮುಚ್ಚಿಟ್ಟದ್ದು ಬಯಲಾದರೆ ಸಿಕ್ಕ ನೌಕರಿಯನ್ನೂ ಕಳೆದುಕೊಳ್ಳುವ ಅಪಾಯವಿದೆ.